ಮನೆಹೆಸರಿನ ತಂಡ ಕಟ್ಟಿದ ಕುಟ್ಟಣಿ

ಹಾಕಿ ತಂಡ ಕಟ್ಟಬೇಕೆಂದರೆ ಯಾರಾದರೂ ಮೊದಲು ಹುಡುಕುವುದು ಚೆನ್ನಾಗಿ ಆಡುವವರನ್ನು. ಕೊಡಗಿನ ಪಾಂಡಂಡ ಕುಟ್ಟಪ್ಪನವರು 1997ರಲ್ಲಿ ಈ ಕ್ರಮವನ್ನೇ ತಿರುಗಿಸಿಟ್ಟರು. ಒಂದೇ ಮನೆಹೆಸರಿನವರು ಕೂಡಿದರೆ ಒಂದು ತಂಡ. ಆಟ ಬರಲಿ, ಬರದಿರಲಿ. ಅಜ್ಜ ಗೋಲು ಕಾಯಬಹುದು, ಮೊಮ್ಮಗಳು ಮುಂದೆ ಓಡಬಹುದು, ಬೆಂಗಳೂರಿನಿಂದ ರಜೆ ಹಾಕಿ ಬಂದ ಅಣ್ಣನ ಮಗ ಇಪ್ಪತ್ತು ವರ್ಷಗಳ ಮೇಲೆ ಮತ್ತೆ ಸ್ಟಿಕ್ ಹಿಡಿಯಬಹುದು. ವಿರಾಜಪೇಟೆಗೆ ಸಮೀಪದ ಕರಡ ಗ್ರಾಮಕ್ಕೆ ಆ ವರ್ಷ 60 ಮನೆತನಗಳು ಈ ಷರತ್ತು ಒಪ್ಪಿಕೊಂಡು ಬಂದವು. 2025ರಲ್ಲಿ ಮಡಿಕೇರಿಯಲ್ಲಿ ಇದೇ ಪಂದ್ಯಾವಳಿ 25ನೇ ಬಾರಿ ನಡೆದಾಗ ಹೆಸರು ಕೊಟ್ಟ ಮನೆತನಗಳು 396.

ಆ ಬೆಳ್ಳಿಹಬ್ಬವನ್ನು ಕಾಣಲು ಕುಟ್ಟಪ್ಪನವರು ಇರಲಿಲ್ಲ. ಬಳಗದವರೆಲ್ಲ ಕುಟ್ಟಣಿ ಎಂದೇ ಕರೆಯುತ್ತಿದ್ದ ಅವರು ತೀರಿಕೊಂಡದ್ದು 2020ರಲ್ಲಿ, ಕೊರೊನಾದಿಂದಾಗಿ ಊರೂರಿನ ಮೈದಾನಗಳೆಲ್ಲ ಬಿಕೋ ಎನ್ನುತ್ತಿದ್ದ ವರ್ಷ. ಅವರು ಒಲಿಂಪಿಕ್ಸ್ ಆಡಿದವರಲ್ಲ, ಮಂತ್ರಿಯಾದವರಲ್ಲ, ದೊಡ್ಡ ಉದ್ಯಮಿಯೂ ಅಲ್ಲ. ಬ್ಯಾಂಕ್ ನೌಕರಿ ಮಾಡಿ ನಿವೃತ್ತರಾದವರು, ಹಾಕಿ ಆಡಿದವರು, ಪಂದ್ಯಗಳಲ್ಲಿ ಸೀಟಿ ಊದಿ ತೀರ್ಪು ಕೊಟ್ಟವರು. ಕರ್ನಾಟಕದ ಕ್ರೀಡಾ ಇತಿಹಾಸವನ್ನು ಬರೆಯುವವರು ಪದಕ ಗೆದ್ದವರ ಪಟ್ಟಿಯಲ್ಲಿ ಹುಡುಕಿದರೆ ಈ ಹೆಸರು ಸಿಗುವುದಿಲ್ಲ. ಆದರೂ ಹಾಕಿಗೆ ಇಷ್ಟು ಜನರನ್ನು ಇಳಿಸಿದ ಇನ್ನೊಬ್ಬ ವ್ಯಕ್ತಿಯನ್ನು ಈ ರಾಜ್ಯದಲ್ಲಿ ತೋರಿಸುವುದು ಕಷ್ಟ.

ಗದಗ-ಬೆಟಗೇರಿ, ಹುಬ್ಬಳ್ಳಿ ಕಡೆಯವರಿಗೆ ಹಾಕಿ ಹೊಸತಲ್ಲ. ಅಲ್ಲಿಯ ಸೆಟ್ಲಮೆಂಟ್ ಓಣಿಗಳಲ್ಲಿ ಈ ಆಟ ಬೇರು ಬಿಟ್ಟು ಬಹಳ ಕಾಲವಾಯಿತು. ಬ್ರಿಟಿಷರ ಕಾಯ್ದೆಯೊಂದು ಕೆಲವು ಅಲೆಮಾರಿ ಸಮುದಾಯಗಳನ್ನು ಹುಟ್ಟಿನಿಂದಲೇ ಅಪರಾಧಿಗಳೆಂದು ಹೆಸರಿಸಿ, ತಂತಿಬೇಲಿಯೊಳಗೆ ಕೂಡಿಹಾಕಿತ್ತು. ಅದೇ ಓಣಿಗಳ ಮಕ್ಕಳು ಮುಂದೆ ಸ್ಟಿಕ್ ಹಿಡಿದು ರಾಜ್ಯಮಟ್ಟದ ಮೈದಾನಗಳಿಗೆ ನಡೆದು ಹೋದರು. ಅಲ್ಲಿ ತಂಡ ಎಂದರೆ ಓಣಿ, ಗೆಳೆಯರ ಬಳಗ, ಕ್ಲಬ್ಬು. ಶಿರಹಟ್ಟಿ, ಲಕ್ಷ್ಮೇಶ್ವರ, ಮುಂಡರಗಿಯ ಹಳ್ಳಿಗಳ ಕಡೆ ಬಂದರೆ ಜಾತ್ರೆಯ ಕುಸ್ತಿಯಲ್ಲಿ ಪೈಲ್ವಾನನ ಹೆಸರಿನ ಜೊತೆಗೆ ಕೂಗುವುದು ಅವನ ಊರಿನ ಹೆಸರನ್ನು. ಕೊಡಗಿನಲ್ಲಿ ಕುಟ್ಟಪ್ಪನವರು ಹಿಡಿದದ್ದು ಮೂರನೆಯ ದಾರಿ: ಊರೂ ಅಲ್ಲ, ಓಣಿಯೂ ಅಲ್ಲ, ಮನೆ.

ಈ ದಾರಿ ಅವರಿಗೆ ಯಾಕೆ ಹೊಳೆಯಿತು ಎಂಬುದು ತಿಳಿಯಬೇಕಾದರೆ ಕೊಡವರ ಮನೆಯ ಕಟ್ಟನ್ನು ಸ್ವಲ್ಪ ನೋಡಬೇಕು.

ಒಬ್ಬ ಮೂಲಪುರುಷನಿಂದ ಇಳಿದು ಬಂದ ಗಂಡುಸಂತತಿಯ ಎಲ್ಲ ಕುಟುಂಬಗಳೂ ಸೇರಿ ಒಂದು ಒಕ್ಕ. ಒಕ್ಕಕ್ಕೊಂದು ಮನೆಹೆಸರು, ಒಂದು ಐನ್‌ಮನೆ, ಅದರ ಹತ್ತಿರ ಹಿರಿಯರ ಗುಡಿಯಾದ ಕೈಮಡ. ಐನ್‌ಮನೆಯ ನಡುಮನೆಯಲ್ಲಿ, ಅಂದರೆ ನೆಲ್ಲಕ್ಕಿ ನಡುಬಾಡೆಯಲ್ಲಿ, ತೂಗುದೀಪ ಉರಿಯಬೇಕು. ಕೈಲ್‌ಪೊಳ್ದ್ ಹಬ್ಬಕ್ಕೆ ಕೋವಿ ಕತ್ತಿಗಳಿಗೆ ಅಲ್ಲಿಯೇ ಪೂಜೆ. ಪುತ್ತರಿ ಹಬ್ಬಕ್ಕೆ ಹೊಸ ಕದಿರು ಅಲ್ಲಿಗೇ ಬರಬೇಕು. ಒಕ್ಕದಲ್ಲಿ ವಯಸ್ಸಿಗೆ ಹಿರಿಯನಾದವನು ಪಟ್ಟೆದಾರ. ಹಿಂದೆ ಹತ್ತಾರು ಜನ ಒಂದೇ ಸೂರಿನಡಿ ಉಂಡು ಮಲಗುತ್ತಿದ್ದ ಈ ಮನೆಗಳು ಇಪ್ಪತ್ತನೆಯ ಶತಮಾನ ಮುಗಿಯುವ ಹೊತ್ತಿಗೆ ಬಹುಪಾಲು ಖಾಲಿಯಾಗಿದ್ದವು. ಕಾಫಿ ತೋಟ ಪಾಲಾಯಿತು; ಅಣ್ಣತಮ್ಮಂದಿರು ತಮ್ಮ ತಮ್ಮ ತೋಟದಲ್ಲಿ ಮನೆ ಕಟ್ಟಿಕೊಂಡರು; ಮಕ್ಕಳು ಸೈನ್ಯಕ್ಕೆ, ಬೆಂಗಳೂರು ಮೈಸೂರಿನ ನೌಕರಿಗೆ, ಹೊರದೇಶಕ್ಕೆ ಹೊರಟರು. ಐನ್‌ಮನೆಯಲ್ಲಿ ದೀಪ ಹಚ್ಚಲು ಒಬ್ಬರೋ ಇಬ್ಬರೋ ಉಳಿದರು. ಬೊವ್ವೇರಿಯಂಡ ನಂಜಮ್ಮ ಮತ್ತು ಚಿಣ್ಣಪ್ಪ ದಂಪತಿ ವರ್ಷಾನುಗಟ್ಟಲೆ ಊರೂರು ಸುತ್ತಿ ಈ ಐನ್‌ಮನೆಗಳ ವಿವರವನ್ನು ದಾಖಲಿಸಿ 2014ರಲ್ಲಿ ಪುಸ್ತಕವಾಗಿ ತಂದರು. ದಾಖಲಿಸಿಡದಿದ್ದರೆ ಕಳೆದುಹೋಗುತ್ತದೆ ಎನ್ನುವ ಸ್ಥಿತಿ ಬಂದಿತ್ತು ಎಂಬುದಕ್ಕೆ ಆ ಶ್ರಮವೇ ಸಾಕ್ಷಿ.

ಜನಸಂಖ್ಯೆಯೂ ಸಣ್ಣದು. 2011ರ ಜನಗಣತಿಯಲ್ಲಿ ಕೊಡವ ತಕ್ಕನ್ನು ತಾಯ್ನುಡಿ ಎಂದು ಬರೆಸಿದವರು ಸುಮಾರು 1 ಲಕ್ಷ 14 ಸಾವಿರ. ಇಷ್ಟು ಚಿಕ್ಕ ಸಮುದಾಯದಲ್ಲಿ ಒಂದೇ ಒಕ್ಕದ ಮಕ್ಕಳು ಬೆಂಗಳೂರಿನ ಒಂದೇ ಕಚೇರಿಯಲ್ಲಿ ಕೆಲಸ ಮಾಡಿಯೂ ಪರಸ್ಪರ ಗುರುತಿಲ್ಲದೆ ಇರುವಂತಾದರೆ ಹಿರಿಯರಿಗೆ ಸಂಕಟವಾಗದೆ ಇರುತ್ತದೆಯೆ? ಮದುವೆಗೆ ಬಂದು ಉಂಡು ಹೋಗುವವರು ಸಿಗುತ್ತಾರೆ, ಸಾವಿಗೆ ಬಂದು ಮಣ್ಣು ಹಾಕಿ ಹೋಗುವವರು ಸಿಗುತ್ತಾರೆ. ಜೊತೆಗೆ ನಾಲ್ಕು ದಿನ ಇದ್ದು, ಬೆವರು ಹರಿಸಿ, ಜಗಳಾಡಿ, ನಕ್ಕು ಹೋಗುವ ಸಂದರ್ಭ ಎಲ್ಲಿ? ಒಕ್ಕಗಳು ದೂರವಾಗುತ್ತಿವೆ ಎಂದು ಸಭೆಗಳಲ್ಲಿ ಭಾಷಣ ಮಾಡಿದವರು ಆಗ ಬಹಳ ಜನ ಇದ್ದಿರಬಹುದು. ಕುಟ್ಟಪ್ಪನವರ ಕೈಗೆ ಸಿಕ್ಕಿದ್ದು ಹಾಕಿ ಸ್ಟಿಕ್.

ಅದಕ್ಕೆ ಕಾರಣವೂ ಇದೆ. ಕೊಡಗಿನಲ್ಲಿ ಹಾಕಿ ಕಲಿಸಿಕೊಡಬೇಕಾದ ಆಟವಾಗಿರಲಿಲ್ಲ. ಸೈನ್ಯದ ರೆಜಿಮೆಂಟುಗಳಲ್ಲಿ ಆಡಿ ಬಂದವರು ರಜೆಯಲ್ಲಿ ಊರಿಗೆ ಬಂದಾಗಲೂ ಆಡಿದರು. ಶಾಲೆಯ ಬಯಲುಗಳಲ್ಲಿ ಹುಡುಗರು ಬಾಗಿದ ಕೊಂಬೆಯನ್ನೇ ಸ್ಟಿಕ್ ಮಾಡಿಕೊಂಡು ಕಲಿತರು. ದೇಶಕ್ಕೆ ಮೊದಲ ಭಾರತೀಯ ಸೇನಾ ಮುಖ್ಯಸ್ಥರನ್ನು ಕೊಟ್ಟ ನೆಲ ಇದು: ಫೀಲ್ಡ್ ಮಾರ್ಷಲ್ ಕೊದಂಡೇರ ಕಾರ್ಯಪ್ಪ, ಅವರ ಒಕ್ಕದವರೇ ಆದ ಜನರಲ್ ತಿಮ್ಮಯ್ಯ. 1972ರ ಮ್ಯೂನಿಕ್ ಒಲಿಂಪಿಕ್ಸ್‌ನಲ್ಲಿ ಕಂಚು ಗೆದ್ದ ಭಾರತ ತಂಡದಲ್ಲಿ ಕೊಡಗಿನವರು ಇಬ್ಬರಿದ್ದರು, ಎಂ.ಪಿ. ಗಣೇಶ್ ಮತ್ತು ಬಿ.ಪಿ. ಗೋವಿಂದ. ಮರುವರ್ಷ ಆಮ್ಸ್ಟೆಲ್ವೀನ್ ವಿಶ್ವಕಪ್‌ಗೆ ಗಣೇಶ್ ನಾಯಕ. ಫೈನಲ್‌ನಲ್ಲಿ ಆತಿಥೇಯ ನೆದರ್ಲೆಂಡ್ಸ್‌ಗೆ ಸೋತು ಭಾರತ ಬೆಳ್ಳಿ ತಂದಿತು. 1975ರಲ್ಲಿ ಕೌಲಾಲಂಪುರದಲ್ಲಿ ಭಾರತ ಗೆದ್ದ ಒಂದೇ ಒಂದು ವಿಶ್ವಕಪ್ ತಂಡದಲ್ಲಿ ಗೋವಿಂದ ಇದ್ದರು. 1980ರ ಮಾಸ್ಕೋ ಚಿನ್ನದ ತಂಡದಲ್ಲಿ ಎಂ.ಎಂ. ಸೋಮಯ್ಯ; 1988ರ ಸೋಲ್ ಒಲಿಂಪಿಕ್ಸ್‌ನಲ್ಲಿ ಅವರೇ ನಾಯಕ. ಆಮೇಲೆ ಅರ್ಜುನ್ ಹಾಲಪ್ಪ, ವಿ.ಆರ್. ರಘುನಾಥ್, ಎಸ್.ವಿ. ಸುನಿಲ್, ಎಸ್.ಕೆ. ಉತ್ತಪ್ಪ, ನಿಕ್ಕಿನ್ ತಿಮ್ಮಯ್ಯ. ಇವರೆಲ್ಲರೂ ಕೊಡವರಲ್ಲ, ಕೊಡಗಿನ ಬೇರೆ ಬೇರೆ ಸಮುದಾಯಗಳಿಗೆ ಸೇರಿದವರು. ಆದರೆ ಎಲ್ಲರೂ ಅದೇ ಮಳೆ, ಅದೇ ಬಯಲು ಕಂಡವರು.

ಕುಟ್ಟಪ್ಪನವರು ಪಂದ್ಯಾವಳಿ ಶುರು ಮಾಡಿದ ಕಾಲಕ್ಕೆ ದೇಶದ ಹಾಕಿ ಸೊರಗಿತ್ತು. 1976ರ ಮಾಂಟ್ರಿಯಲ್ ಒಲಿಂಪಿಕ್ಸ್ ಕೃತಕ ಹಾಸಿಗೆ ಬಂದದ್ದೇ ತಡ, ಹುಲ್ಲಿನ ಮೇಲೆ ಆಡಿ ಬೆಳೆದ ಭಾರತ ಏಳನೆಯ ಸ್ಥಾನಕ್ಕೆ ಇಳಿಯಿತು. ಮಾಸ್ಕೋ ಚಿನ್ನದ ನಂತರ ಮತ್ತೆ ಒಲಿಂಪಿಕ್ ಪದಕವಿರಲಿಲ್ಲ. 1996ರ ಅಟ್ಲಾಂಟಾದಲ್ಲಿ ಎಂಟನೆಯ ಸ್ಥಾನ. ಅದೇ ವರ್ಷ ಕ್ರಿಕೆಟ್ ವಿಶ್ವಕಪ್ ಈ ಉಪಖಂಡದಲ್ಲೇ ನಡೆದು ಹಳ್ಳಿಯ ಟೀವಿಗಳನ್ನೂ ಹಿಡಿದಿಟ್ಟಿತ್ತು. ಹುಡುಗರ ಕೈಯಲ್ಲಿ ಸ್ಟಿಕ್ಕಿನ ಬದಲು ಬ್ಯಾಟು ಬರುತ್ತಿದ್ದ ಹೊತ್ತಿನಲ್ಲಿ ನಿವೃತ್ತ ನೌಕರರೊಬ್ಬರು ಸರ್ಕಾರದ ಯೋಜನೆಯನ್ನಾಗಲಿ ಸಂಸ್ಥೆಯ ಪ್ರಾಯೋಜಕತ್ವವನ್ನಾಗಲಿ ಕಾಯದೆ, ತಮ್ಮ ಒಕ್ಕದವರನ್ನೇ ನೆಚ್ಚಿ ಹಾಕಿ ಪಂದ್ಯಾವಳಿಗೆ ಕೈಹಾಕಿದ್ದರಲ್ಲಿ ಎದೆಗಾರಿಕೆ ಇತ್ತು. ಮೊದಲ ಆಟಕ್ಕೆ ಅವರ ಮನೆಹೆಸರೇ ಹೆಸರಾಯಿತು: ಪಾಂಡಂಡ ಕಪ್.

ಇಲ್ಲಿಯೇ ಅವರ ಎರಡನೆಯ ಉಪಾಯ ಕೆಲಸ ಮಾಡಿದ್ದು. ಕಪ್‌ನ ಹೆಸರು ಪಾಂಡಂಡವಾಗಿಯೇ ಉಳಿಯಲಿಲ್ಲ. ಮರುವರ್ಷ ಇನ್ನೊಂದು ಒಕ್ಕ ಆತಿಥ್ಯ ವಹಿಸಿತು. ಕಪ್‌ಗೆ ಅವರ ಹೆಸರು. 1998ರಲ್ಲಿ ಕೋಡಿರ, 1999ರಲ್ಲಿ ಬಲ್ಲಚಂಡ, 2000ದಲ್ಲಿ ಚೆಪ್ಪುಡಿರ. ಮುಂದೆ ಹೀಗೆಯೇ ವರ್ಷಕ್ಕೊಂದು ಮನೆತನ. ಎರಡನೆಯ ವರ್ಷಕ್ಕೇ ತಂಡಗಳು ನೂರು ದಾಟಿದವು. ಒಬ್ಬನೇ ಹಣವಂತ ತನ್ನ ಹೆಸರಿನ ಕಪ್ ಇಟ್ಟುಕೊಂಡು ನಡೆಸಿದ ಪಂದ್ಯಾವಳಿಗಳು ಕರ್ನಾಟಕದ ತುಂಬ ಇದ್ದವು, ಇವೆ. ಆತನ ಕಾಲ ಮುಗಿದೊಡನೆ ಅವೂ ನಿಲ್ಲುತ್ತವೆ. ಕುಟ್ಟಪ್ಪನವರು ತಾವು ಹುಟ್ಟಿಸಿದ್ದನ್ನು ಮೊದಲ ವರ್ಷವೇ ಬಿಟ್ಟುಕೊಟ್ಟರು. ಹೆಸರನ್ನು ಬಿಟ್ಟುಕೊಟ್ಟಿದ್ದರಿಂದಲೇ ಹೊಣೆಯೂ ಹಂಚಿಹೋಯಿತು. ಈ ಲೇಖನದ ಮಟ್ಟಿಗೆ ಅವರ ಬದುಕಿನಲ್ಲಿ ಎಲ್ಲಕ್ಕಿಂತ ದೊಡ್ಡ ನಿರ್ಧಾರ ಇದೇ.

ಆತಿಥ್ಯವೆಂದರೆ ಏನು ಎಂಬುದನ್ನು ಲೆಕ್ಕ ಹಾಕಿ ನೋಡಬೇಕು. ಇದು ಸೋತವರು ಮನೆಗೆ ಹೋಗುವ ನಾಕೌಟ್ ಕ್ರಮದ ಆಟ. ಒಂದು ಪಂದ್ಯ ಮುಗಿದರೆ ಒಂದು ತಂಡ ಹೊರಗೆ. ಹಾಗಾಗಿ 60 ತಂಡಗಳಿದ್ದಾಗ ಗೆದ್ದವರನ್ನು ಕಂಡುಕೊಳ್ಳಲು 59 ಪಂದ್ಯ ಸಾಕಿತ್ತು. 396 ತಂಡಗಳಿಗೆ 395 ಬೇಕು. ಎರಡು ಮೂರು ಮೈದಾನಗಳಲ್ಲಿ ಬೆಳಗಿನಿಂದ ಸಂಜೆಯವರೆಗೆ ಆಡಿಸಿದರೂ ವಾರಗಟ್ಟಲೆ ಹಿಡಿಯುತ್ತದೆ. ಅಷ್ಟು ದಿನ ಅಂಪೈರ್‌ಗಳು, ಸುಣ್ಣದ ಗೆರೆ, ಕುಡಿಯುವ ನೀರು, ಗ್ಯಾಲರಿ, ಪೆಟ್ಟಾದವರಿಗೆ ವೈದ್ಯರು, ದೂರದಿಂದ ಬಂದವರಿಗೆ ಊಟ, ಗಾಡಿ ನಿಲ್ಲಿಸಲು ಜಾಗ. ಇದನ್ನೆಲ್ಲ ಹೊರುವುದು ಒಂದು ಒಕ್ಕ. ನೂರಿನ್ನೂರು ಜನರಿರುವ ಒಕ್ಕವಾದರೆ ಮನೆಮಂದಿಯೆಲ್ಲ ವರ್ಷದ ಮುಂಚೆಯೇ ದುಡ್ಡು ಕೂಡಿಸತೊಡಗುತ್ತಾರೆ, ಸಮಿತಿಗಳನ್ನು ಮಾಡಿಕೊಳ್ಳುತ್ತಾರೆ. ಹಾಕಿ ಶುರುವಾಗುವ ಹೊತ್ತಿಗೆ ಆ ಒಕ್ಕದವರು ಹತ್ತು ವರ್ಷದಲ್ಲಿ ಕೂಡದಷ್ಟು ಸಲ ಕೂಡಿರುತ್ತಾರೆ. ನಂತರದ ವರ್ಷಗಳಲ್ಲಿ ರಾಜ್ಯ ಸರ್ಕಾರ ಅನುದಾನ ಕೊಡತೊಡಗಿತು. ಆದರೆ ಬೇರು ಬಿಟ್ಟದ್ದು ಮನೆಗಳ ದುಡ್ಡಿನಲ್ಲಿ, ಮನೆಯವರ ಕೈಕೆಲಸದಲ್ಲಿ.

ಇದಕ್ಕೊಂದು ಆಡಳಿತದ ಚೌಕಟ್ಟೂ ಬೇಕಾಯಿತು. ಕುಟ್ಟಪ್ಪನವರು ಮುಂದೆ ನಿಂತು ಕಟ್ಟಿದ ಕೊಡವ ಹಾಕಿ ಅಕಾಡೆಮಿ ಆ ಕೆಲಸ ಹೊತ್ತಿತು. ಆತಿಥ್ಯ ಯಾರಿಗೆ, ನಿಯಮ ಏನು, ವ್ಯಾಜ್ಯ ಬಂದರೆ ತೀರ್ಮಾನ ಹೇಗೆ ಎಂಬುದು ಅಕಾಡೆಮಿಯ ಪಾಲು. ನಡೆಸಿಕೊಡುವುದು ಆ ವರ್ಷದ ಒಕ್ಕದ ಪಾಲು. ವರ್ಷವರ್ಷವೂ ಹೊಸಬರು ನಡೆಸುವ ಆಟದಲ್ಲಿ ಹಳಬರ ಅನುಭವ ಕಳೆದುಹೋಗದಂತೆ ಕಾಪಾಡಿದ್ದು ಈ ಏರ್ಪಾಡು. ಸೀಟಿ ಹಿಡಿದು ಅಭ್ಯಾಸವಿದ್ದ ಮನುಷ್ಯನಿಗೆ ನಿಯಮದ ಬೆಲೆ ಗೊತ್ತಿತ್ತು ಎನ್ನಬೇಕು. ಒಂದೇ ಸಮುದಾಯದ ಒಳಗಿನ, ಅದರಲ್ಲೂ ಬೀಗರು ನೆಂಟರ ನಡುವಿನ ಪೈಪೋಟಿ ಕೈಮೀರಿ ಹೋಗಲು ಹೆಚ್ಚು ಹೊತ್ತು ಬೇಡ.

ನಿಯಮಗಳಲ್ಲಿ ವಿಶೇಷವಾದದ್ದು ಹೆಣ್ಣುಮಕ್ಕಳ ವಿಷಯ. ಇಲ್ಲಿ ಗಂಡಸರ ತಂಡ, ಹೆಂಗಸರ ತಂಡ ಎಂಬ ಗೋಡೆಯಿಲ್ಲ. ಒಕ್ಕದ ಮಗಳು ಅಣ್ಣನ ಪಕ್ಕದಲ್ಲಿ ನಿಂತು ಆಡುತ್ತಾಳೆ. ಮದುವೆಯಾಗಿ ಹೋದವಳು ಗಂಡನ ಮನೆಯ ಪರ ಆಡಬಹುದು, ತವರಿನ ಪರವೂ ಆಡಬಹುದು. ಒಕ್ಕ ಎಂಬುದು ಗಂಡುಸಂತತಿಯ ಎಣಿಕೆ. ಮದುವೆಯಾದ ಮಗಳ ಹೆಸರು ಅಲ್ಲಿಂದ ಇಲ್ಲಿಗೆ ದಾಟುತ್ತದೆ. ಹಾಕಿ ಮೈದಾನ ಮಾತ್ರ ಆಕೆಯನ್ನು ಕೇಳುತ್ತದೆ, ಯಾರ ಕಡೆ ಆಡುತ್ತೀಯಮ್ಮ ಎಂದು. ಸಮಾಜ ಸುಧಾರಣೆಯ ಯಾವ ಘೋಷಣೆಯನ್ನೂ ಕೂಗದೆ, ತಂಡದ ಪಟ್ಟಿ ಬರೆಯುವ ಕಾಗದದ ಮೇಲೆ ಇಷ್ಟನ್ನು ಸಾಧಿಸಿದ್ದು ಸಣ್ಣ ಮಾತಲ್ಲ.

ಆ ಕಾಗದವನ್ನೇ ಹತ್ತಿರದಿಂದ ನೋಡಬೇಕು. ಕೊಡವರು ಮನೆಹೆಸರನ್ನು ಹೆಸರಿನ ಮೊದಲಿಗೆ ಇಡುತ್ತಾರೆ. ನಮ್ಮ ಗದಗ ಸೀಮೆಯಲ್ಲಿ ಪಾಟೀಲ, ಹಿರೇಮಠ, ಅಂಗಡಿ ಎಂದು ಕೊನೆಗೆ ಬರುವ ಅಡ್ಡಹೆಸರು ಅಲ್ಲಿ ತಲೆಯಲ್ಲಿ ಕೂರುತ್ತದೆ. ಭಾರತ ತಂಡದ ಪಟ್ಟಿಯಲ್ಲಿ ಅದು ಒಂದೇ ಅಕ್ಷರಕ್ಕೆ ಕುಗ್ಗುತ್ತದೆ. ಎಂ.ಎಂ. ಸೋಮಯ್ಯ ಎಂಬಲ್ಲಿನ ಮೊದಲ ಎಂ ಮನೆಯಪಂಡ, ಎಂ.ಪಿ. ಗಣೇಶ್‌ರ ಎಂ ಮೊಳ್ಳೇರ, ಎಸ್.ಕೆ. ಉತ್ತಪ್ಪನವರ ಎಸ್ ಸಣ್ಣುವಂಡ. ಪತ್ರಿಕೆ ಓದುವವರಿಗೆ ಆ ಅಕ್ಷರದ ಹಿಂದೆ ಏನಿದೆ ಎಂದು ತಿಳಿಯುವುದಿಲ್ಲ. ಕುಟ್ಟಪ್ಪನವರ ಪಂದ್ಯಾವಳಿಯ ಪಟ್ಟಿಯಲ್ಲಿ ತಂಡಕ್ಕೆ ಬೇರೆ ಹೆಸರೇ ಇಲ್ಲ, ಮನೆಹೆಸರೇ ತಂಡದ ಹೆಸರು. ಆಟಗಾರರ ಬೆನ್ನಿನ ಮೇಲೆ, ಅಂಕದ ಹಲಗೆಯ ಮೇಲೆ, ಧ್ವನಿವರ್ಧಕದಲ್ಲಿ ದಿನವಿಡೀ ಕೇಳುವುದು ಅದೇ: ಕುಲ್ಲೇಟಿರ, ಚೇನಂಡ, ಅಂಜಪರವಂಡ, ನೆಲ್ಲಮಕ್ಕಡ. ತಂಡ ಕೂಡಿಸಲು ಹೊರಟ ಹುಡುಗ ದೊಡ್ಡಪ್ಪ ಚಿಕ್ಕಪ್ಪಂದಿರ ಮನೆಗಳಿಗೆ ಫೋನ್ ಮಾಡಬೇಕು. ಯಾರ ಮಗ ಎಲ್ಲಿದ್ದಾನೆ, ಯಾರ ಮಗಳಿಗೆ ಎಷ್ಟು ವಯಸ್ಸು, ಯಾರಿಗೆ ರಜೆ ಸಿಗುತ್ತದೆ ಎಂದು ವಿಚಾರಿಸಬೇಕು. ಹನ್ನೊಂದು ಹೆಸರು ಬರೆದು ಮುಗಿಸುವಷ್ಟರಲ್ಲಿ ಅವನು ತನ್ನ ವಂಶವೃಕ್ಷವನ್ನು ಒಂದು ಸುತ್ತು ಹಾಕಿ ಬಂದಿರುತ್ತಾನೆ.

ದೊಡ್ಡ ಒಕ್ಕಗಳಿಗೆ ಇದು ಹಗುರ. ಸಣ್ಣ ಒಕ್ಕಗಳ ಪಾಡು ಬೇರೆ. ಮೂರೋ ನಾಲ್ಕೋ ಮನೆಗಳಷ್ಟೇ ಉಳಿದಿರುವ ಒಕ್ಕದಲ್ಲಿ ಹನ್ನೊಂದು ಮಂದಿ ಓಡಬಲ್ಲವರನ್ನು ಹುಡುಕುವುದೇ ಪಂದ್ಯದಷ್ಟು ಕಷ್ಟ. ಮಂಡಿ ನೋವಿನ ಅಜ್ಜನನ್ನು ಗೋಲಿಗೆ ನಿಲ್ಲಿಸಿ, ಶಾಲೆಗೆ ಹೋಗುವ ಮಗುವನ್ನು ಅಂಚಿನಲ್ಲಿ ನಿಲ್ಲಿಸಿ ಮೈದಾನಕ್ಕೆ ಇಳಿದ ಇಂಥ ತಂಡದ ಎದುರಿಗೆ ರಾಷ್ಟ್ರೀಯ ಮಟ್ಟದ ಆಟಗಾರರಿರುವ ಒಕ್ಕ ಬಂದರೆ ಫಲಿತಾಂಶ ಊಹಿಸಬಹುದಾದದ್ದೇ. ದೇಶಕ್ಕಾಗಿ ಆಡಿದವರು ತಮ್ಮ ಒಕ್ಕಕ್ಕಾಗಿಯೂ ಇಲ್ಲಿ ಆಡುತ್ತಾರೆ. ಸೋತವರಿಗೆ ಎರಡನೆಯ ಪಂದ್ಯವಿಲ್ಲ. ಹಾಗಿದ್ದೂ ಮರುವರ್ಷ ಅವರ ಹೆಸರು ಪಟ್ಟಿಯಲ್ಲಿ ಇರುತ್ತದೆ. ಆಟದ ಕಣ್ಣಿನಿಂದ ಮಾತ್ರ ನೋಡುವವರು ಇದನ್ನು ಮಟ್ಟವಿಲ್ಲದ ಪಂದ್ಯ ಎಂದಾರು. ಹಿರಿಯ ಮನೆಯವರ ಕಣ್ಣಿನಿಂದ ನೋಡಿದರೆ ಆ ಸೋತ ತಂಡವೇ ಪಂದ್ಯಾವಳಿಯ ಜೀವ. ಗೆಲ್ಲುವ ಆಸೆಯಿಲ್ಲದೆ, ತಮ್ಮ ಒಕ್ಕದ ಹೆಸರು ಆ ಒಂದು ದಿನ ಮೈಕಿನಲ್ಲಿ ಕೇಳಲಿ ಎಂದು ಇನ್ನೂರು ಮುನ್ನೂರು ಕಿಲೋಮೀಟರ್ ಗಾಡಿ ಓಡಿಸಿಕೊಂಡು ಬಂದವರು ಅವರು.

ಕಾಲದ ಆಯ್ಕೆಯೂ ಲೆಕ್ಕಾಚಾರದ್ದೇ. ಏಪ್ರಿಲ್ ಹೊತ್ತಿಗೆ ಅರೇಬಿಕಾ, ರೊಬಸ್ಟಾ ಎರಡರ ಕೊಯ್ಲೂ ಮುಗಿದು ತೋಟದವರ ಕೈ ಬಿಡುವಾಗಿರುತ್ತದೆ. ಹೂಮಳೆ ಬಂದು ಹೋಗಿರುತ್ತದೆ. ಮಕ್ಕಳಿಗೆ ಬೇಸಿಗೆ ರಜೆ. ಜೂನ್ ಬಂತೆಂದರೆ ಕೊಡಗಿನ ಮೈದಾನ ಕೆಸರುಗದ್ದೆ. ಅಷ್ಟರೊಳಗೆ ಎಲ್ಲ ಮುಗಿಯಬೇಕು. ಬೇಸಾಯದ ಪಂಚಾಂಗಕ್ಕೆ ಹೊಂದಿಕೊಂಡಿದ್ದರಿಂದಲೇ ಇದು ಪಂದ್ಯಾವಳಿ ಎಂಬುದಕ್ಕಿಂತ ಹೆಚ್ಚಾಗಿ ಹಬ್ಬವಾಯಿತು. ಜನ ಕರೆಯುವುದೂ ಹಾಕಿ ನಮ್ಮೆ ಎಂದೇ. ಕೊಡವ ತಕ್ಕಿನಲ್ಲಿ ನಮ್ಮೆ ಎಂದರೆ ಹಬ್ಬ.

ಹಬ್ಬದ ವಿಧಿಗಳೂ ಬಂದು ಸೇರಿಕೊಂಡವು. ಉದ್ಘಾಟನೆಯ ದಿನ ಗಂಡಸರು ಕಪ್ಪು ಕುಪ್ಯ ತೊಟ್ಟು, ಕೆಂಪು ಚೇಲೆ ಬಿಗಿದು, ಅದಕ್ಕೆ ಪೀಚೆಕತ್ತಿ ಸಿಕ್ಕಿಸಿ ಬರುತ್ತಾರೆ. ಹೆಂಗಸರು ನೆರಿಗೆಯನ್ನು ಬೆನ್ನಿಗೆ ಕಟ್ಟುವ ಕೊಡವ ಸೀರೆಯಲ್ಲಿ. ವಾಲಗದ ಲಯಕ್ಕೆ ಹಿರಿಯರ ಕೈಕಾಲು ತಾವಾಗಿಯೇ ಆಡುತ್ತವೆ. ದುಡಿ ಬಾರಿಸುತ್ತ ಹಾಡುವವರು ಮುಂದೆ ನಡೆಯುತ್ತಾರೆ. ಗಾಳಿಯಲ್ಲಿ ಗುಂಡು ಹಾರಿಸಿದ ಮೇಲೆಯೇ ಆಟಕ್ಕೆ ಚಾಲನೆ. ಹುಟ್ಟಿದ ಮಗುವಿಗೂ, ಸತ್ತ ಹಿರಿಯನಿಗೂ ಕೋವಿಯ ಸದ್ದಿನಿಂದಲೇ ಸುದ್ದಿ ಕೊಡುವ ನಾಡಿನಲ್ಲಿ ಹಾಕಿಗೂ ಅದೇ ಮರ್ಯಾದೆ ಸಿಕ್ಕಿತು. ವೀಕ್ಷಕ ವಿವರಣೆ ಕೊಡವ ತಕ್ಕಿನಲ್ಲಿ ನಡೆಯುತ್ತದೆ. ಮನೆಯಲ್ಲಿ ಇಂಗ್ಲಿಷ್ ಬೆರೆಸಿ ಮಾತಾಡುವ ಮಕ್ಕಳು, ಚೆಂಡು ಎತ್ತ ಹೋಯಿತೆಂದು ತಿಳಿಯುವುದಕ್ಕಾದರೂ, ಬೆಳಗಿನಿಂದ ಸಂಜೆಯವರೆಗೆ ತಾಯ್ನುಡಿಯನ್ನು ಕಿವಿಗೊಟ್ಟು ಕೇಳುತ್ತಾರೆ. ಲಿಪಿಯ ಬಲವಿಲ್ಲದೆ ಬಾಯಿಂದ ಬಾಯಿಗೆ ಉಳಿದು ಬಂದ ನುಡಿಗೆ ಇದಕ್ಕಿಂತ ಒಳ್ಳೆಯ ಶಾಲೆಯನ್ನು ಯೋಚಿಸುವುದು ಕಷ್ಟ.

ಆಟ ಒಂದೇ ಊರಿಗೆ ಅಂಟಿಕೊಳ್ಳಲಿಲ್ಲ. ಕರಡದಿಂದ ಕಡಂಗಕ್ಕೆ, ಕಾಕೋಟುಪರಂಬಿಗೆ, ಪೊನ್ನಂಪೇಟೆಗೆ, ಅಮ್ಮತ್ತಿಗೆ, ವಿರಾಜಪೇಟೆಗೆ, ಮಡಿಕೇರಿಗೆ ಹೋಯಿತು. ನಾಪೋಕ್ಲುವಿನ ಚೆರಿಯಪರಂಬಿನ ಜನರಲ್ ತಿಮ್ಮಯ್ಯ ಮೈದಾನಕ್ಕೆ ಮತ್ತೆ ಮತ್ತೆ ಬಂತು. ಹೋದಲ್ಲೆಲ್ಲ ಸ್ಥಳೀಯ ಮೈದಾನ ಸಮತಟ್ಟಾಯಿತು, ರಸ್ತೆ ರಿಪೇರಿಯಾಯಿತು, ಅಂಗಡಿ ಹೋಟೆಲುಗಳಿಗೆ ವ್ಯಾಪಾರ ಕೂಡಿತು. ಜಿಲ್ಲೆಯಲ್ಲಿ ಕೂಡಿಗೆಯ ಕ್ರೀಡಾಶಾಲೆ, ಪೊನ್ನಂಪೇಟೆ ಮಡಿಕೇರಿಗಳ ಕ್ರೀಡಾನಿಲಯಗಳು ಆಟಗಾರರನ್ನು ತಯಾರು ಮಾಡುತ್ತವೆ. ಆದರೆ ಆ ನಿಲಯಗಳ ಬಾಗಿಲು ತಟ್ಟುವ ಆಸೆ ಮಕ್ಕಳಲ್ಲಿ ಮೂಡುವುದು ಇಂಥ ಹಬ್ಬಗಳಲ್ಲಿ ತಮ್ಮದೇ ಅಣ್ಣ ಅಕ್ಕಂದಿರು ಆಡುವುದನ್ನು ಕಂಡಾಗ. ಟರ್ಫ್ ಮೈದಾನ ಕಟ್ಟಲು ಕೋಟಿ ಬೇಕು. ಆಡುವ ಆಸೆಗೆ ಬೇಕಾದದ್ದು ಕಣ್ಣೆದುರಿನ ಆಟಗಾರ, ಅದರಲ್ಲೂ ತನ್ನ ಮನೆಯವನೇ ಆದ ಆಟಗಾರ.

ಕುಟ್ಟಪ್ಪನವರ ಈ ಮಾದರಿ ಕೊಡವರ ಹಾಕಿಗೆ ನಿಲ್ಲಲಿಲ್ಲ ಎಂಬುದನ್ನು ಹೇಳಲೇಬೇಕು. ಕೊಡವ ಕುಟುಂಬಗಳ ನಡುವೆ ಕ್ರಿಕೆಟ್ ಪಂದ್ಯಾವಳಿ ಹುಟ್ಟಿತು. ಕೊಡಗಿನ ಅರೆಭಾಷೆ ಗೌಡರು ತಮ್ಮ ಮನೆತನಗಳ ನಡುವೆ ಕ್ರಿಕೆಟ್ ಆಡಿಸಿದರು. ಜಿಲ್ಲೆಯ ಇತರ ಸಮುದಾಯಗಳೂ ಇದೇ ಜಾಡಿನಲ್ಲಿ ತಮ್ಮ ತಮ್ಮ ಕುಟುಂಬಗಳನ್ನು ಮೈದಾನಕ್ಕೆ ಕರೆದವು. ಬೇಸಿಗೆಯ ಎರಡು ತಿಂಗಳು ಕೊಡಗಿನಲ್ಲಿ ಮನೆಹೆಸರಿನ ತಂಡಗಳ ಆಟ ಎಲ್ಲಿಯಾದರೂ ಒಂದು ಕಡೆ ನಡೆಯುತ್ತಲೇ ಇರುತ್ತದೆ. ಯಾರೂ ಕರಡದ ಹಿರಿಯರ ಅಪ್ಪಣೆ ಕೇಳಬೇಕಾಗಿರಲಿಲ್ಲ. ಒಳ್ಳೆಯ ಉಪಾಯ ಹಾಗೆಯೇ ಬೇಲಿ ಹಾರಿ ಹೋಯಿತು.

ಲಿಮ್ಕಾ ದಾಖಲೆ ಪುಸ್ತಕ ಈ ಹಾಕಿ ಹಬ್ಬವನ್ನು ಗುರುತಿಸಿದ್ದು ಕುಟ್ಟಪ್ಪನವರ ಬದುಕಿನಲ್ಲಿಯೇ. ನಂತರ ಕಷ್ಟದ ವರ್ಷಗಳು ಬಂದವು. 2018ರ ಬೇಸಿಗೆಯಲ್ಲಿ ನಾಪೋಕ್ಲುವಿನಲ್ಲಿ ಕುಲ್ಲೇಟಿರ ಒಕ್ಕದ ಆತಿಥ್ಯದಲ್ಲಿ 22ನೆಯ ಆಟ ಮುಗಿದಿತ್ತು. ಆ ಆಗಸ್ಟ್‌ನಲ್ಲಿ ಕೊಡಗಿನ ಗುಡ್ಡಗಳು ಜರಿದವು. ಮಕ್ಕಂದೂರು, ಜೋಡುಪಾಲ, ಮಾದಾಪುರ ಸುತ್ತಲಿನ ಮನೆಗಳು, ತೋಟಗಳು ಮಣ್ಣುಪಾಲಾದವು. ಬೀದಿಗೆ ಬಿದ್ದ ಜನರ ನಡುವೆ ಹಬ್ಬ ಮಾಡುವುದು ಹೇಗೆ? 2019ರಲ್ಲಿ ಆಟ ನಡೆಯಲಿಲ್ಲ. 2020ಕ್ಕೆ ಕೊರೊನಾ ಬಂತು. ಆ ವರ್ಷವೂ, ಅದರ ಮುಂದಿನ ಎರಡು ಬೇಸಿಗೆಗಳೂ ಖಾಲಿ ಹೋದವು. 22 ವರ್ಷ ಒಂದೂ ತಪ್ಪದೆ ನಡೆದದ್ದು ನಾಲ್ಕು ವರ್ಷ ನಿಂತಿತು. ಅಷ್ಟರಲ್ಲಿ ಕುಟ್ಟಣಿಯವರೂ ಇಲ್ಲವಾದರು.

ಸಂಸ್ಥೆಯೊಂದರ ನಿಜವಾದ ಪರೀಕ್ಷೆ ಇಂಥ ಹೊತ್ತಿನಲ್ಲಿ. ಹುಟ್ಟಿಸಿದವರು ಹೋದರು, ರೂಢಿ ಕಡಿದಿತ್ತು, ಕೊರೊನಾದ ಪೆಟ್ಟಿನಿಂದ ಮನೆಗಳು ಸುಧಾರಿಸಿಕೊಳ್ಳುತ್ತಿದ್ದವು. 2023ರಲ್ಲಿ ಅಪ್ಪಚೆಟ್ಟೋಳಂಡ ಒಕ್ಕ ನಾಪೋಕ್ಲುವಿನಲ್ಲಿ ಮತ್ತೆ ಆಟ ಕೂಡಿಸಿದಾಗ 336 ಒಕ್ಕಗಳು ಹೆಸರು ಕೊಟ್ಟವು. ಮರುವರ್ಷ ಅದೇ ಊರಿನಲ್ಲಿ ಕುಂಡ್ಯೋಳಂಡ ಒಕ್ಕದ ಸರದಿ. 360 ತಂಡಗಳು ಬಂದು, ಜಗತ್ತಿನ ಅತಿ ದೊಡ್ಡ ಹಾಕಿ ಪಂದ್ಯಾವಳಿ ಎಂದು ಗಿನ್ನೆಸ್ ದಾಖಲೆ ಸೇರಿತು. 2025ರಲ್ಲಿ ಮಡಿಕೇರಿಯಲ್ಲಿ ಮುದ್ದಂಡ ಒಕ್ಕದ ಆತಿಥ್ಯಕ್ಕೆ 396.

ತಂಡಕ್ಕೆ ಹನ್ನೊಂದೇ ಮಂದಿ ಎಂದು ಹಿಡಿದರೂ 396 ತಂಡಗಳಿಗೆ 4,356 ಆಟಗಾರರಾಗುತ್ತಾರೆ. ಬದಲಿ ಆಟಗಾರರು ಬೇರೆ. ಜನಗಣತಿಯ 1 ಲಕ್ಷ 14 ಸಾವಿರದ ಪಕ್ಕದಲ್ಲಿ ಈ ಸಂಖ್ಯೆ ಇಟ್ಟು ನೋಡಿದರೆ ಕೊಡವ ತಕ್ಕ್ ಆಡುವ ಇಪ್ಪತ್ತಾರು ಜನರಲ್ಲಿ ಒಬ್ಬರು ಆ ಬೇಸಿಗೆಯಲ್ಲಿ ಸ್ಟಿಕ್ ಹಿಡಿದು ಮೈದಾನಕ್ಕೆ ಇಳಿದ ಹಾಗೆ. ಹಸುಗೂಸುಗಳನ್ನೂ ಹಾಸಿಗೆ ಹಿಡಿದವರನ್ನೂ ಕೂಡಿಸಿ ಹಾಕಿದ ಲೆಕ್ಕ ಇದು. ಕ್ರಿಕೆಟ್ಟಿನ ಹುಚ್ಚು ಎಷ್ಟೇ ಇರಲಿ, ಬೇರೆ ಯಾವ ಸೀಮೆಯಲ್ಲಿ ಇಷ್ಟು ಪಾಲು ಜನ ನೋಡುವುದನ್ನು ಬಿಟ್ಟು ಆಡುವುದಕ್ಕೆ ಇಳಿಯುತ್ತಾರೆ?

ಪಂದ್ಯಾವಳಿ ಬೆಳೆದಂತೆ ಹೊಸ ಕಷ್ಟಗಳೂ ಬೆಳೆದಿವೆ. 395 ಪಂದ್ಯ ನಡೆಸುವ ಖರ್ಚನ್ನು ಹೊರಲು ದೊಡ್ಡ ಒಕ್ಕಕ್ಕೂ ಏದುಸಿರು ಬರುತ್ತದೆ. ಸಣ್ಣ ಒಕ್ಕದವರಿಗೆ ತಮ್ಮ ಹೆಸರಿನ ಕಪ್ ನಡೆಸುವ ಆಸೆ ಕೈಗೆಟುಕದ್ದಾಗಿದೆ. ಅಷ್ಟು ಜನ, ಅಷ್ಟು ಗಾಡಿಗಳನ್ನು ಹಿಡಿಸುವ ಮೈದಾನ ಕೊಡಗಿನಲ್ಲಿ ಬೆರಳೆಣಿಕೆಯಷ್ಟು; ಕರಡದಂಥ ಹಳ್ಳಿಗೆ ಆಟ ಮರಳುವುದು ಸುಲಭವಲ್ಲ. ಎರಡು ಒಕ್ಕಗಳು ಜಂಟಿಯಾಗಿ ನಡೆಸಬಹುದೆ, ಮೊದಲ ಸುತ್ತುಗಳನ್ನು ನಾಡುನಾಡಿನಲ್ಲಿ ಹಂಚಿ ಆಡಿಸಿ ಕೊನೆಯ ಸುತ್ತುಗಳನ್ನಷ್ಟೇ ಒಂದೆಡೆ ಸೇರಿಸಬಹುದೆ ಎಂಬುದನ್ನು ಅಕಾಡೆಮಿ ಈಗ ಕೂತು ಯೋಚಿಸಬೇಕು. ಎರಡನೆಯ ದಾರಿ ಹೆಚ್ಚು ಒಳ್ಳೆಯದೆಂದು ತೋರುತ್ತದೆ. ಸಣ್ಣ ಊರಿನ ಬಯಲುಗಳಿಗೆ ಹಾಕಿ ಮತ್ತೆ ಬರುತ್ತದೆ. ಓಡಲಾರದ ಅಜ್ಜಂದಿರಿಗೆ ಮನೆಯ ಹತ್ತಿರವೇ ಗೋಲು ಕಾಯಲು ಸಿಗುತ್ತದೆ.